ಯಕ್ಷಗಾನದ ಕೆಂಪು ಯಾವ ಸ್ಕ್ರೀನಿನಲ್ಲಿ ಸರಿ ಕಾಣುತ್ತದೆ?

ಪ್ರಶ್ನೆ: ನಾನು ಕಾಪುವಿನಲ್ಲಿ ಫೋಟೋಗ್ರಾಫರ್. ಮದುವೆ, ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ), ಸೀಮಂತದ ಆರ್ಡರ್ ಜಾಸ್ತಿ. ಜೊತೆಗೆ ಯಕ್ಷಗಾನ, ಭೂತಕೋಲ, ಕಂಬಳ ಕೂಡ ತೆಗೆಯುತ್ತೇನೆ. ಈಗಿರುವ ಲ್ಯಾಪ್‌ಟಾಪಿಗೆ ಏಳು ವರ್ಷ ಆಯಿತು, ರ್ಯಾಮ್ 8 ಜಿಬಿ. ಫೋಟೋ ತಿದ್ದುವ ಲೈಟ್‌ರೂಮ್ ಒತ್ತಿ ಚಹಾ ಕುಡಿದು ಬಂದರೂ ತೆರೆದಿರುವುದಿಲ್ಲ. ಒಂದು ಲಕ್ಷದ ಆಸುಪಾಸು ಖರ್ಚು ಮಾಡಬಹುದು. ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ಅನ್ನುತ್ತಾರೆ, ಗೆಳೆಯರು ಮ್ಯಾಕ್ ಅನ್ನುತ್ತಾರೆ. ಐ7 ಬೇಕೇ ಬೇಕಾ? ರ್ಯಾಮ್ ಎಷ್ಟಿರಬೇಕು?
ಓದುಗರು, ಕಾಪು

ಉತ್ತರ: ಮಾರಾಯ್ರೆ, ನಿಮ್ಮ ಪತ್ರದಲ್ಲಿ ಪ್ರೊಸೆಸರ್ ಉಂಟು, ರ್ಯಾಮ್ ಉಂಟು, ಮ್ಯಾಕ್ ಕೂಡ ಉಂಟು. ಸ್ಕ್ರೀನಿನ ಸುದ್ದಿಯೇ ಇಲ್ಲ. ನಾನೂ ಹೀಗೇ ಮಾಡಿ ಪೆಟ್ಟು ತಿಂದವನು, ಅದಕ್ಕೇ ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಜೋರು ಪ್ರೊಸೆಸರ್, ಕೀಬೋರ್ಡಿನಲ್ಲಿ ಬಣ್ಣಬಣ್ಣದ ಲೈಟು ನೋಡಿ ಒಂದು ಲ್ಯಾಪ್‌ಟಾಪ್ ತಂದೆ. ಅದರಲ್ಲಿ ಮಾಡಿದ ಮೊದಲ ಮದುವೆ ಆಲ್ಬಮ್. ಮದುಮಗಳ ಕೆಂಪು ಸೀರೆ ಯಾಕೋ ಸಪ್ಪೆ ಕಾಣುತ್ತಿತ್ತು. ಸ್ಯಾಚುರೇಷನ್ (ಬಣ್ಣದ ಗಾಢತೆ) ಸ್ವಲ್ಪ ಏರಿಸಿದೆ, ಮತ್ತೂ ಸಪ್ಪೆ, ಮತ್ತೂ ಏರಿಸಿದೆ. ಲ್ಯಾಬಿನಿಂದ ಆಲ್ಬಮ್ ಬಂದಾಗ ನೋಡುತ್ತೇನೆ, ಮದುಮಗಳ ಮುಖ ಮಧ್ಯಾಹ್ನದ ಬಿಸಿಲಿಗೆ ಬೆಂದ ಹಾಗಿದೆ, ಸೀರೆಯ ಜರಿ ಇಲ್ಲ, ನೆರಿಗೆ ಇಲ್ಲ, ಬರೀ ಕೆಂಪು ಮುದ್ದೆ. ಲ್ಯಾಬಿನವರ ಹತ್ತಿರ ಜಗಳಕ್ಕೇ ಹೋದೆ. ಅವರು ಮಾತಾಡದೆ ನನ್ನ ಫೈಲನ್ನು ತಮ್ಮ ಮಾನಿಟರಿನಲ್ಲಿ ತೆರೆದು ತೋರಿಸಿದರು. ಅಲ್ಲಿಯೂ ಅದೇ ಮುದ್ದೆ. ಇಡೀ ಆಲ್ಬಮನ್ನು ನನ್ನ ದುಡ್ಡಿನಿಂದಲೇ ಮತ್ತೆ ಪ್ರಿಂಟ್ ಮಾಡಿಸಿದೆ.

ಆದದ್ದು ಇಷ್ಟೇ. ನನ್ನ ಸ್ಕ್ರೀನಿನ ವಿವರದಲ್ಲಿ '45% ಎನ್‌ಟಿಎಸ್‌ಸಿ' ಅಂತ ಸಣ್ಣದಾಗಿ ಬರೆದಿತ್ತು, ಸ್ಕ್ರೀನು ಎಷ್ಟು ಬಣ್ಣ ತೋರಿಸುತ್ತದೆ ಅನ್ನುವುದಕ್ಕೆ ಹಳೆ ಟಿವಿ ಕಾಲದ ಅಳತೆ ಅದು. ನಾನು ಓದಿರಲಿಲ್ಲ. ಓದಿದ್ದರೂ ಅರ್ಥವಾಗುತ್ತಿರಲಿಲ್ಲ, ಅದು ಬೇರೆ ಮಾತು. ಫೋಟೋಗಳಿಗೆ, ವೆಬ್‌ಗೆ, ಆಲ್ಬಮ್ ಲ್ಯಾಬುಗಳಿಗೆ ಸಾಮಾನ್ಯ ಅಳತೆ ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ್ದು. 45% ಎನ್‌ಟಿಎಸ್‌ಸಿ ಅಂದರೆ ಎಸ್‌ಆರ್‌ಜಿಬಿಯ ಬಣ್ಣಗಳಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಮಾತ್ರ ಕಾಣುತ್ತದೆ. ಗಾಢ ಕೆಂಪೆಲ್ಲ ಸ್ಕ್ರೀನಿನಲ್ಲಿ ತಿಳಿಯಾಗುತ್ತದೆ, ನಾವು ಕಣ್ಣಿಗೆ ಸರಿ ಕಾಣುವವರೆಗೆ ಏರಿಸುತ್ತಾ ಹೋಗುತ್ತೇವೆ. ನಮ್ಮ ಕಡೆ ಕೆಂಪಿಗೇನೂ ಕೊರತೆ ಇಲ್ಲ ಅಲ್ವಾ? ಯಕ್ಷಗಾನದ ಬಣ್ಣದ ವೇಷ, ಕೋಲದಲ್ಲಿ ಬೆನ್ನಿಗೆ ಕಟ್ಟುವ ಅಣಿ, ಜಡೆಗೆ ಮುಡಿದ ಅಬ್ಬಲಿಗೆ, ಎಲ್ಲ ಆ ಕಡೆಯ ಬಣ್ಣವೇ.

ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು 100% ಎಸ್‌ಆರ್‌ಜಿಬಿ ಪ್ಯಾನೆಲ್ಲಾ? 'ಫುಲ್ ಎಚ್‌ಡಿ ಐಪಿಎಸ್, ಒಳ್ಳೆಯದುಂಟು' ಅನ್ನುವ ಉತ್ತರ ಸಾಲದು. ಐಪಿಎಸ್ ಅಂದರೆ ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಪ್ಯಾನೆಲ್, ಅದಾಗಿದ್ದೂ 45% ಇರುತ್ತದೆ. ಒಂದೇ ಹೆಸರಿನ ಮಾಡೆಲ್ಲಿಗೆ ಎರಡು ಬಗೆಯ ಪ್ಯಾನೆಲ್ ಬರುವುದೂ ಉಂಟು, ಅದಕ್ಕೆ ಪೂರ್ತಿ ಮಾಡೆಲ್ ನಂಬರ್ ಹಿಡಿದು ಕಂಪನಿಯ ವೆಬ್‌ಸೈಟಿನಲ್ಲೇ ನೋಡಿ. ಸಿನಿಮಾದವರ ಅಳತೆಯಾದ ಡಿಸಿಐ-ಪಿ3 ಇದ್ದರೆ ಇನ್ನೂ ಒಳ್ಳೆಯದು, ಕೆಂಪು ಮತ್ತು ಕಿತ್ತಳೆಯಲ್ಲಿ ಅದಕ್ಕೆ ಎಸ್‌ಆರ್‌ಜಿಬಿಗಿಂತ ಜಾಸ್ತಿ ಜಾಗ. ಅಡೋಬಿ ಆರ್‌ಜಿಬಿ ಅನ್ನುವ ಇನ್ನೊಂದು ಅಳತೆ ಹಸಿರಿನ ಕಡೆ ಹಿಗ್ಗುತ್ತದೆ, ಆಲ್ಬಮ್ ಕೆಲಸಕ್ಕೆ ಅದರ ಬೆನ್ನು ಹತ್ತುವುದು ಬೇಡ. ಲ್ಯಾಬಿಗೆ ಕಡೆಗೆ ಕೊಡುವುದು ಎಸ್‌ಆರ್‌ಜಿಬಿ ಜೆಪೆಗ್ ತಾನೇ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ನಾಲ್ಕು ಫೋಟೋ ಹಾಕಿಕೊಂಡು ಹೋಗಿ. ವೇಷದ ಕೆಂಪು ಒಂದು, ಮಲ್ಲಿಗೆ ದಂಡೆಯ ಬಿಳಿ ಒಂದು, ಮನುಷ್ಯರ ಮುಖ ಒಂದು, ರಾತ್ರಿ ದೊಂದಿ ಬೆಳಕಿನಲ್ಲಿ ತೆಗೆದ ಕತ್ತಲೆಯ ಫೋಟೋ ಒಂದು. ಹಂಪನಕಟ್ಟೆಯ ಅಂಗಡಿಯಾಗಲಿ, ಮಣಿಪಾಲದ ಶೋರೂಮ್ ಆಗಲಿ, ಅಲ್ಲಿ ಓಡುವ ಡೆಮೊ ವಿಡಿಯೊದಲ್ಲಿ ಎಲ್ಲ ಲ್ಯಾಪ್‌ಟಾಪೂ ಚಂದವೇ ಕಾಣುತ್ತದೆ. ನಿಮ್ಮ ಫೋಟೋ ಹಾಕಿದಾಗ ಸತ್ಯ ಹೊರಗೆ ಬರುತ್ತದೆ. ವೇಷದ ಮುಖಕ್ಕೆ ಅಕ್ಕಿಹಿಟ್ಟಿನಲ್ಲಿ ಇಟ್ಟ ಚುಟ್ಟಿಯ ಚುಕ್ಕಿಗಳು ಬೇರೆ ಬೇರೆಯಾಗಿ ಕಾಣುತ್ತವಾ, ಮಲ್ಲಿಗೆಯ ಎಸಳು ಒಂದಕ್ಕೊಂದು ಅಂಟಿಕೊಂಡಿದೆಯಾ, ಬದಿಯಿಂದ ನೋಡಿದರೆ ಮುಖದ ಬಣ್ಣ ಬದಲಾಗುತ್ತದಾ, ನೋಡಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಈಗ ರ್ಯಾಮ್. 12x36 ಇಂಚಿನ ಆಲ್ಬಮ್ ಶೀಟನ್ನು 300 ಡಿಪಿಐಯಲ್ಲಿ ಮಾಡುತ್ತೀರಿ ಅಂತ ಇಟ್ಟುಕೊಳ್ಳಿ. 3,600 ಗುಣಿಸು 10,800, ಅಂದರೆ 3.9 ಕೋಟಿ ಪಿಕ್ಸೆಲ್. 8 ಬಿಟ್‌ನಲ್ಲಿ ಶೀಟ್ ಪೂರ್ತಿ ತುಂಬುವ ಒಂದು ಲೇಯರಿಗೇ 117 ಎಂಬಿ. ಹತ್ತು ಲೇಯರ್ ಆದರೆ 1 ಜಿಬಿ ದಾಟಿತು. ಅಂಥ ಶೀಟ್ ಮೂರು ತೆರೆದು, ಹಿಂದೆ ಲೈಟ್‌ರೂಮ್, ಪಕ್ಕದಲ್ಲಿ ಬ್ರೌಸರಿನಲ್ಲಿ ಯಕ್ಷಗಾನದ ಲೈವ್ ಹಾಕಿ ಕೂತರೆ 8 ಜಿಬಿ ಎಲ್ಲಿ ಸಾಕು? ಹೊಸದರಲ್ಲಿ 16 ಕ್ಕಿಂತ ಕಡಿಮೆ ಬೇಡ, ಆಲ್ಬಮ್ ಡಿಸೈನ್ ನೀವೇ ಮಾಡುವುದಾದರೆ 32 ಇರಲಿ. ಒಮ್ಮೆಗೆ ದುಡ್ಡು ಸಾಲದಿದ್ದರೆ 16 ತೆಗೆದುಕೊಳ್ಳಿ, ಆದರೆ ಆಮೇಲೆ ಹಾಕಲು ಸ್ಲಾಟ್ ಉಂಟಾ ಅಂತ ಕೇಳಿ. ತೆಳು ಲ್ಯಾಪ್‌ಟಾಪುಗಳಲ್ಲಿ ರ್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವುದು ಜಾಸ್ತಿ.

ಪ್ರೊಸೆಸರಿನಲ್ಲಿ ಐ7 ಎಂಬ ಹೆಸರಿಗೆ ಮರುಳಾಗಬೇಡಿ, ಸಂಖ್ಯೆಯ ಕೊನೆಯ ಅಕ್ಷರ ನೋಡಿ. ಇಂಟೆಲ್‌ನಲ್ಲಿ ಎಚ್ ಅಥವಾ ಎಚ್‌ಎಕ್ಸ್, ಎಎಂಡಿಯಲ್ಲಿ ಎಚ್ಎಸ್ ಅಥವಾ ಎಚ್‌ಎಕ್ಸ್ ಇದ್ದರೆ ಕೆಲಸದ ಕುದುರೆ. ಯು ಅಂದರೆ ಬ್ಯಾಟರಿ ಉಳಿಸುವ ಜಾತಿ. ಒಂದೇ ತಲೆಮಾರಿನ ಯು ಅಕ್ಷರದ ಐ7ಗಿಂತ ಎಚ್ ಅಕ್ಷರದ ಐ5 ಸಾವಿರ ಫೋಟೋ ಎಕ್ಸ್‌ಪೋರ್ಟಿನಲ್ಲಿ ಮುಂದೆ ಹೋಗುವುದು ಸಾಮಾನ್ಯ.

ಗೇಮಿಂಗ್ ಲ್ಯಾಪ್‌ಟಾಪ್ ವಿಷಯದಲ್ಲಿ ನಿಮ್ಮ ಅಂಗಡಿಯವರು ಅರ್ಧ ಸರಿ. ಬರೀ ಮದುವೆ ತೆಗೆಯುವವರಾಗಿದ್ದರೆ ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಸುಮ್ನೆ ದುಡ್ಡು ಹಾಕಬೇಡಿ ಅನ್ನುತ್ತಿದ್ದೆ. ಆದರೆ ನೀವು ಕೋಲ ತೆಗೆಯುತ್ತೀರಿ. ಅಲ್ಲಿ ಫ್ಲ್ಯಾಶ್ ಹೊಡೆಯುವ ಹಾಗಿಲ್ಲ, ಹೊಡೆಯಲೂ ಬಾರದು. ಕ್ಯಾಮರಾ ಬೆಳಕು ಹಿಡಿಯುವ ಸೂಕ್ಷ್ಮತೆ, ಅಂದರೆ ಐಎಸ್‌ಒ, 6400, 12800 ಅಂತ ಏರುತ್ತದೆ, ಫೋಟೋ ತುಂಬ ರವೆ ಚೆಲ್ಲಿದ ಹಾಗೆ ನಾಯ್ಸ್. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮಿಗೆ ಬಂದ ಎಐ ಡಿನಾಯ್ಸ್ ಇದನ್ನು ಒಳ್ಳೆ ರೀತಿಯಲ್ಲಿ ತೆಗೆಯುತ್ತದೆ, ಆದರೆ ಅದರ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಒಳ್ಳೆ ಕಾರ್ಡ್ ಇದ್ದರೆ ಫೋಟೋಕ್ಕೆ ಕೆಲವು ಸೆಕೆಂಡು. ಇಲ್ಲದಿದ್ದರೆ ನಿಮಿಷಗಟ್ಟಲೆ. ಒಂದು ರಾತ್ರಿಯ ಇನ್ನೂರು ಫೋಟೋಗೆ ಲೆಕ್ಕ ಹಾಕಿ. ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಇರಲಿ, ಬಜೆಟ್ ಮುಟ್ಟದಿದ್ದರೆ 6 ಆದರೂ ನಡೆಯುತ್ತದೆ. ಚಾರ್ಜರ್ ತೆಗೆದರೆ ಈ ಲ್ಯಾಪ್‌ಟಾಪುಗಳ ಅರ್ಧ ಜೋರು ಇಳಿದುಹೋಗುತ್ತದೆ, ಚಾರ್ಜರೂ ಇಟ್ಟಿಗೆಯಷ್ಟು ಭಾರ. ಅದು ಗೊತ್ತಿರಲಿ.

ಮ್ಯಾಕ್? ಸ್ಕ್ರೀನ್ ಕಣ್ಣು ಮುಚ್ಚಿ ನಂಬಬಹುದು. ಹೊಸ ಮ್ಯಾಕ್‌ಬುಕ್ ಏರ್‌ಗಳಲ್ಲಿ ಪಿ3 ಬಣ್ಣ, 500 ನಿಟ್ಸ್ ಬೆಳಕು, 16 ಜಿಬಿ ಮೆಮೊರಿ. ಆದರೆ ಏರ್‌ನಲ್ಲಿ ಫ್ಯಾನ್ ಇಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಎರಡು ಸಾವಿರ ಫೋಟೋ ಎಕ್ಸ್‌ಪೋರ್ಟ್ ಹಾಕಿದರೆ ಬಿಸಿಯಾಗಿ ನಿಧಾನ ಆಗುತ್ತದೆ. ಮೆಮೊರಿ ಆಮೇಲೆ ಸೇರಿಸುವ ಮಾತೇ ಇಲ್ಲ. ಪ್ರೊ ತೆಗೆದುಕೊಳ್ಳಲು ನಿಮ್ಮ ಲಕ್ಷ ಸಾಲುವುದಿಲ್ಲ. ನಿಮಗೆ ನನ್ನ ಓಟು 100% ಎಸ್‌ಆರ್‌ಜಿಬಿ ಪ್ಯಾನೆಲ್ ಇರುವ ಗೇಮಿಂಗ್ ಲ್ಯಾಪ್‌ಟಾಪಿಗೆ.

ಎಸ್‌ಎಸ್‌ಡಿ 1 ಟಿಬಿ ಇರಲಿ. 24 ಮೆಗಾಪಿಕ್ಸೆಲ್ ರಾ (ಕ್ಯಾಮರಾದ ಮೂಲ) ಫೈಲು ಸುಮಾರು 25ರಿಂದ 30 ಎಂಬಿ, ಕಂಬಳದ ದಿನ ಕೋಣ ಓಡುವಾಗ ಬೆರಳು ಶಟರ್ ಮೇಲಿಂದ ಏಳುವುದೇ ಇಲ್ಲ, ಮೂರು ಸಾವಿರ ಫ್ರೇಮಿಗೆ 75-90 ಜಿಬಿ ಹೋಯಿತು.

ಇನ್ನೊಂದು ಖರ್ಚು ಉಂಟು, ಬೈಯಬೇಡಿ. ಸ್ಕ್ರೀನ್ ಕ್ಯಾಲಿಬ್ರೇಟರ್, ಅಂದರೆ ಸ್ಕ್ರೀನಿನ ಬಣ್ಣ ಅಳೆದು ಸರಿ ಮಾಡುವ ಸಾಧನ. ನಾವು ನಾಲ್ಕು ಜನ ಸೇರಿ ಒಂದು ತಂದು ತಿಂಗಳಿಗೊಮ್ಮೆ ಕೈ ಬದಲಾಯಿಸುತ್ತೇವೆ. ಬಿಳಿಯ ಬಣ್ಣ ಡಿ65, ನಡುಛಾಯೆಗೆ ಗಾಮಾ 2.2, ಬೆಳಕು 100ರಿಂದ 120 ನಿಟ್ಸ್ ಇಟ್ಟುಕೊಳ್ಳಿ. ಪ್ರಿಂಟ್ ಕಪ್ಪಾಗಿ ಬರುತ್ತದೆ ಅಂತ ದೂರುವವರಲ್ಲಿ ಹೆಚ್ಚಿನವರು ಸ್ಕ್ರೀನಿನ ಬೆಳಕನ್ನು ಪೂರ್ತಿ ಏರಿಸಿ ಕೂತವರು. ಹಾಗಂತ 45% ಪ್ಯಾನೆಲ್ಲಿಗೆ ಕ್ಯಾಲಿಬ್ರೇಟರ್ ಹಾಕಿ ಪ್ರಯೋಜನ ಇಲ್ಲ, ಇಲ್ಲದ ಬಣ್ಣವನ್ನು ಅದು ತಂದುಕೊಡುವುದಿಲ್ಲ.

ಪ್ರಶ್ನೆ: ಮಣಿಪಾಲದಲ್ಲಿ ಓದುತ್ತಿದ್ದೇನೆ. ಫೋಟೋ ನನಗೆ ಹವ್ಯಾಸ. ಹಾರ್ಡ್‌ಡಿಸ್ಕ್ ಇರುವ ಹಳೆ ಐ5 ಲ್ಯಾಪ್‌ಟಾಪಿನಲ್ಲಿ ಲೈಟ್‌ರೂಮ್ ಕ್ಲಾಸಿಕ್ ತೆವಳುತ್ತಿದೆ. ಮನೆಯಲ್ಲಿ ಹೊಸದು ಕೇಳಲು ಧೈರ್ಯ ಇಲ್ಲ.
ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಕೇಳಬೇಡಮ್ಮ. ಹಾರ್ಡ್‌ಡಿಸ್ಕ್ ತೆಗೆಸಿ ಅದೇ ಜಾಗಕ್ಕೆ ಸಾಟಾ ಎಸ್‌ಎಸ್‌ಡಿ ಹಾಕಿಸು. ಸೆಕೆಂಡಿಗೆ 100-150 ಎಂಬಿ ಓದುತ್ತಿದ್ದದ್ದು 500 ದಾಟುತ್ತದೆ. ಸ್ಲಾಟ್ ಖಾಲಿ ಇದ್ದರೆ ರ್ಯಾಮ್ ಕೂಡ ಸೇರಿಸಬಹುದು. ಆಮೇಲೆ ಫೋಟೋ ಇಂಪೋರ್ಟ್ ಮಾಡುವಾಗ ಸ್ಮಾರ್ಟ್ ಪ್ರಿವ್ಯೂ, ಅಂದರೆ ಫೋಟೋದ ಸಣ್ಣ ಪ್ರತಿ, ಕಟ್ಟಲು ಹೇಳು. ಪ್ರಿಫರೆನ್ಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ, ಎಡಿಟ್ ಮಾಡುವಾಗ ಮೂಲ ಫೈಲಿನ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸು ಅನ್ನುವುದಕ್ಕೆ ಟಿಕ್ ಹಾಕು. ಅದರ ಉದ್ದದ ಬದಿ 2,560 ಪಿಕ್ಸೆಲ್ ಮಾತ್ರ, ಹಳೆ ಯಂತ್ರಕ್ಕೆ ಎಳೆಯಲು ಹಗುರ. ಎಕ್ಸ್‌ಪೋರ್ಟ್ ಮಾತ್ರ ಮೂಲ ಫೈಲಿನಿಂದಲೇ ಪೂರ್ತಿ ಗಾತ್ರದಲ್ಲಿ ಆಗುತ್ತದೆ, ಹೆದರಬೇಡ. ಅದನ್ನು ರಾತ್ರಿ ಹಾಕಿ ಮಲಗಿಬಿಡು.

ಪ್ರಶ್ನೆ: ಮನೆ ಮಲ್ಪೆಯಲ್ಲಿ, ಸಮುದ್ರದ ಬದಿಗೇ. ಉಪ್ಪುಗಾಳಿಗೆ ದುಬಾರಿ ಲ್ಯಾಪ್‌ಟಾಪ್ ಬಾಳಿಕೆ ಬರುತ್ತದಾ?
ಓದುಗರು, ಮಲ್ಪೆ

ಉತ್ತರ: ಬರುತ್ತದೆ, ಬ್ಯಾಗಿನಲ್ಲಿ ಕಟ್ಟಿಡದಿದ್ದರೆ. ಮಳೆಗಾಲದಲ್ಲಿ ದಿನಕ್ಕೊಮ್ಮೆ ಆನ್ ಮಾಡಿ, ಅದರ ಬಿಸಿಗೇ ಒಳಗಿನ ಪಸೆ ಆರುತ್ತದೆ. ಕಿಟಕಿಯ ಬುಡದಲ್ಲಿ ಇಡಬೇಡಿ. ವರ್ಷಕ್ಕೊಮ್ಮೆ ಫ್ಯಾನ್ ಕ್ಲೀನ್ ಮಾಡಿಸಿ. ಲ್ಯಾಪ್‌ಟಾಪಿಗಿಂತ ಲೆನ್ಸಿಗೆ ಫಂಗಸ್ ಹಿಡಿಯುವ ಹೆದರಿಕೆ ದೊಡ್ಡದು, ಅದಕ್ಕೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಇರಲಿ. ಗುಡುಗು ಶುರುವಾದ ಕೂಡಲೇ ಚಾರ್ಜರನ್ನೂ ಇಂಟರ್‌ನೆಟ್ ಕೇಬಲನ್ನೂ ಎಳೆದುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು.