ರೆಡ್ ಡ್ವಾರ್ಫ್: ಏಳನೇ ಸೀಸನ್ ಬಿಟ್ಟು ಮುಂದೆ ಹೋಗಬಹುದಾ?

ಬ್ರಿಟನ್ನಿನ ಬಾಹ್ಯಾಕಾಶದ ಹಾಸ್ಯ ಧಾರಾವಾಹಿ ‘ರೆಡ್ ಡ್ವಾರ್ಫ್’ ಬಗ್ಗೆ ನೀವು ಕೇಳಿದ್ದು ಎರಡು. ಮೂರನೇ ಸೀಸನ್‌ಗೆ ಬಂದ ಕೂಡಲೇ ಹಡಗಿನ ಒಳಗು, ಬಟ್ಟೆ, ಕಂಪ್ಯೂಟರ್‌ನ ಮುಖ ಎಲ್ಲಾ ಬೇರೆ ಆಗಿದೆ, ತಪ್ಪು ಫೈಲ್ ಹಾಕಿಕೊಂಡೆನಾ? ಏಳನೆಯದು ಚೆನ್ನಾಗಿಲ್ಲ ಅಂತಾರೆ, ಬಿಟ್ಟುಬಿಡಲಾ?

ಫೈಲ್ ಸರಿಯಾಗೇ ಇದೆ. ಏಳನೆಯದನ್ನು ಬಿಡಬೇಡಿ. ಮೊದಲ ಸಲ ನಾನು ಬಿಟ್ಟಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಉತ್ತರದಲ್ಲಿ ಸ್ವಲ್ಪ ಕಥೆ ಹೊರಗೆ ಬರುತ್ತದೆ, ಬೇಡ ಅಂದರೆ ಇಲ್ಲಿಗೇ ನಿಲ್ಲಿಸಿ.

ನಾನು ಇದನ್ನು ನೋಡಿದ್ದು ತೋರಣಗಲ್ಲಿನ ಒಂದು ಬಾಡಿಗೆ ರೂಮಿನಲ್ಲಿ. ಶಿಫ್ಟ್ ಕೆಲಸ. ನೈಟ್ ಮುಗಿಸಿ ಬಂದರೆ ಬಳ್ಳಾರಿ ಕಡೆಯ ಬಿಸಿಲಿಗೆ ಹಗಲು ನಿದ್ದೆ ಎಲ್ಲಿ ಬರಬೇಕು? ಯಾರೋ ಕೊಟ್ಟ ಪೆನ್‌ಡ್ರೈವ್‌ನಲ್ಲಿ ಇದು ಇತ್ತು. ರೂಮಿನಲ್ಲಿ ಇನ್ನೊಬ್ಬನಿದ್ದ, ಸಿಂಧನೂರಿನವನು. ಕಡಪಾ ಕಲ್ಲಿನ ನೆಲದ ಮೇಲೆ ನಟ್ಟನಡುವೆ ಚಾಕ್‌ಪೀಸಿನಲ್ಲಿ ಗೆರೆ ಎಳೆದಿದ್ದ. ಆ ಕಡೆ ಅವನದು, ಈ ಕಡೆ ನನ್ನದು. ನೆಲ ಒರೆಸಿದಾಗ ಗೆರೆ ಹೋಗುತ್ತಿತ್ತು. ಭಾನುವಾರ ಮತ್ತೆ ಎಳೆಯುತ್ತಿದ್ದ, ಸ್ಕೇಲ್ ಇಟ್ಟು. ಸರ್ಕಾರಿ ಪರೀಕ್ಷೆಗೆ ಓದುತ್ತೇನೆ ಅಂತ ಮೂರು ಬಣ್ಣದ ಸ್ಕೆಚ್ ಪೆನ್‌ನಲ್ಲಿ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದ. ಓದಿದ್ದನ್ನು ಮಾತ್ರ ನಾನು ನೋಡಲಿಲ್ಲ.

ಹೀಗಿರುವಾಗ ಧಾರಾವಾಹಿಯ ಮೊದಲ ಕಂತಿನಲ್ಲೇ ರಿಮ್ಮರ್ ಎಂಬ ಹಡಗಿನ ಕೆಲಸಗಾರ ಪರೀಕ್ಷೆಗೆ ಹೋಗುತ್ತಾನೆ. ಮೈಮೇಲೆಲ್ಲಾ ಉತ್ತರ ಬರೆದುಕೊಂಡಿರುತ್ತಾನೆ. ಬೆವರಿಗೆ ಶಾಯಿ ಕಲಸಿಹೋಗುತ್ತದೆ. ಕೊನೆಗೆ ಉತ್ತರ ಪತ್ರಿಕೆಯ ಮೇಲೆ ಅಂಗೈ ಒತ್ತಿ, ಸೆಲ್ಯೂಟ್ ಹೊಡೆದು, ದೊಪ್ಪನೆ ಬೀಳುತ್ತಾನೆ. ನಾನು ನಕ್ಕ ನಗುವಿಗೆ ಗೆರೆಯ ಆಚೆಯವನು ಎದ್ದು ಕೂತ.

ಈ ಧಾರಾವಾಹಿ ನಿಂತಿರುವುದೇ ಇದರ ಮೇಲೆ. ಬಾಹ್ಯಾಕಾಶ, ಮೂವತ್ತು ಲಕ್ಷ ವರ್ಷದ ನಂತರ ಎಚ್ಚರಾಗುವುದು, ಬೆಕ್ಕಿನಿಂದ ಬೆಳೆದ ಮನುಷ್ಯ, ಎಲ್ಲಾ ಆಮೇಲೆ. ಲಿಸ್ಟರ್ ಮತ್ತು ರಿಮ್ಮರ್ ಹಡಗಿನ ಝಡ್ ಶಿಫ್ಟ್‌ನವರು. ಸೂಪ್ ಮಷಿನ್‌ನ ನಳಿಗೆ ಕಟ್ಟಿಕೊಂಡರೆ ಬಿಡಿಸುವುದು ಇವರ ಕೆಲಸ. ಒಬ್ಬರನ್ನೊಬ್ಬರು ಕಂಡರೆ ಆಗದ ಇಬ್ಬರು ಒಂದೇ ರೂಮಿನಲ್ಲಿ. ಅದರಲ್ಲೂ ಒಬ್ಬ ಸತ್ತು ಹಾಲೋಗ್ರಾಮ್ ಆಗಿದ್ದಾನೆ, ಆದರೂ ಬೈಯುವುದು ನಿಂತಿಲ್ಲ.

ನಿಮ್ಮ ಮೂರನೇ ಸೀಸನ್‌ಗೆ ಬರೋಣ. ರಾಬ್ ಗ್ರಾಂಟ್ ಮತ್ತು ಡಗ್ ನೇಲರ್ ಬರೆದ ಇದು ಬಿಬಿಸಿ 2ರಲ್ಲಿ 1988ರ ಫೆಬ್ರವರಿಯಲ್ಲಿ ಶುರುವಾಯಿತು. ಆ ವರ್ಷದ ಎರಡು ಸೀಸನ್ ನೋಡಿದ್ದೀರಲ್ಲ, ಎಲ್ಲಾ ಬೂದು ಬಣ್ಣ. 1989ರಲ್ಲಿ ಹೊಸ ಸೆಟ್, ಹೊಸ ಬಟ್ಟೆ, ಗಿಟಾರ್ ಬಾರಿಸುವ ಟೈಟಲ್. ಹಡಗಿನ ಕಂಪ್ಯೂಟರ್ ‘ಹಾಲಿ’ ಆಗಿದ್ದ ನಾರ್ಮನ್ ಲವೆಟ್ ಹೊರಟುಹೋಗಿದ್ದರು, ಆ ಜಾಗಕ್ಕೆ ಹ್ಯಾಟಿ ಹೇರಿಡ್ಜ್ ಬಂದರು. ಎರಡನೇ ಸೀಸನ್‌ನಲ್ಲಿ ಒಂದೇ ಕಂತಿಗೆ ಬಂದಿದ್ದ ಕ್ರೈಟನ್ ಎಂಬ ಯಂತ್ರಮಾನವ ರಾಬರ್ಟ್ ಲ್ಯುವೆಲಿನ್ ಮುಖವಾಡದಲ್ಲಿ ಕಾಯಂ ಆದ. ಇದಕ್ಕೆಲ್ಲಾ ಕಾರಣ ಕೊಟ್ಟಿದ್ದಾರೆ. ಮೊದಲ ಕಂತಿನ ಶುರುವಿನಲ್ಲಿ ಅಕ್ಷರಗಳು ಸರ್ರನೆ ಮೇಲೆ ಹೋಗುತ್ತವಲ್ಲ, ಅದರಲ್ಲಿದೆ. ಓದಲು ಆಗದಷ್ಟು ಜೋರಾಗಿ ಓಡಿಸಿರುವುದೇ ತಮಾಷೆ. ಅಲ್ಲಿ ತಡೆದು ನಿಲ್ಲಿಸಿ ಓದಿ.

ಇಷ್ಟೆಲ್ಲಾ ಬದಲಾದರೂ ಏನೂ ಕೆಡಲಿಲ್ಲ. ಯಾಕೆ ಅಂದರೆ ಆ ಇಬ್ಬರು ಅಲ್ಲೇ ಇದ್ದರು. ಅದೇ ಸೀಸನ್‌ನ ಎರಡನೇ ಕಂತು ‘ಮರೂನ್ಡ್’ನಲ್ಲಿ ಹಿಮದಲ್ಲಿ ಸಿಕ್ಕಿಕೊಂಡು ಇಬ್ಬರೂ ಮಾತಾಡುವುದು ಬಿಟ್ಟರೆ ಮತ್ತೇನೂ ಇಲ್ಲ. ನನ್ನ ಪ್ರಕಾರ ಇಡೀ ಧಾರಾವಾಹಿಯಲ್ಲಿ ಅದಕ್ಕಿಂತ ಒಳ್ಳೆಯ ಅರ್ಧ ಗಂಟೆ ಇಲ್ಲ.

ಏಳನೆಯದು 1997ರದು. ಗ್ರಾಂಟ್ ಬಿಟ್ಟಿದ್ದರು. ನೇಲರ್ ಬೇರೆ ಬರಹಗಾರರನ್ನು ಸೇರಿಸಿಕೊಂಡರು. ಚಿತ್ರಕ್ಕೆ ಸಿನಿಮಾ ಕಳೆ ಕೊಟ್ಟರು. ಜನರ ಮುಂದೆ ಆಡುವುದು ಬಿಟ್ಟು, ಸಿದ್ಧವಾದ ಕಂತನ್ನು ಜನರಿಗೆ ತೋರಿಸಿ ನಗು ರೆಕಾರ್ಡ್ ಮಾಡಿದರು. ನಮ್ಮ ಕಡೆ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದವರಿಗೆ ಇದರಿಂದ ಏನು ಹೋಗುತ್ತದೆ ಅಂತ ಗೊತ್ತು. ಹಾಸ್ಯದವನು ಒಂದು ಮಾತು ಬಿಟ್ಟು, ಶಿಳ್ಳೆ ನಿಲ್ಲುವವರೆಗೆ ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಳ್ಳುತ್ತಾ ನಿಲ್ಲುತ್ತಾನೆ. ಆ ನಿಲ್ಲುವುದು ಇಲ್ಲಿಲ್ಲ.

ಆದರೆ ನಿಜವಾದ ಪೆಟ್ಟು ಅದಲ್ಲ. ಮೊದಲ ಕಂತಿನಲ್ಲಿ ಲಿಸ್ಟರ್‌ನ ಇಂಡಿಯನ್ ಕರಿ ಊಟದ ದಾಸ್ತಾನು ಖಾಲಿ. ಅದಕ್ಕಾಗಿ ಕಾಲಯಂತ್ರ ಹತ್ತಿ ಹೊರಟವನು 1963ರ ಡಲ್ಲಾಸ್‌ಗೆ ಹೋಗಿ ಕೆನಡಿ ಹತ್ಯೆಯ ನಡುವೆ ಬೀಳುತ್ತಾನೆ. ಅಲ್ಲಿಗೆ ಸರಿ. ಎರಡನೆಯದರಲ್ಲಿ ರಿಮ್ಮರ್ ಹಡಗು ಬಿಟ್ಟು ಹೊರಡುತ್ತಾನೆ. ಮೂರನೆಯದರಲ್ಲಿ ಕೊಚಾನ್ಸ್ಕಿ, ಅಂದರೆ ನಟಿ ಕ್ಲೋಯಿ ಆನೆಟ್, ಬರುತ್ತಾಳೆ. ಜನ ಅವಳನ್ನೇ ಬೈಯುತ್ತಾರೆ. ಪಾಪ, ಅವಳ ತಪ್ಪೇನೂ ಇಲ್ಲ. ಲಿಸ್ಟರ್ ಅವಳನ್ನು ಪ್ರೀತಿಸುತ್ತಾನೆ, ಮೆಚ್ಚಿಸಲು ನೋಡುತ್ತಾನೆ. ಮೆಚ್ಚಿಸಲು ಹೊರಟವನು ಜಗಳ ಎಲ್ಲಿ ಆಡುತ್ತಾನೆ? ನಾನು ನಾಲ್ಕನೇ ಕಂತಿಗೆ ಬೇಜಾರಾಗಿ 1999ರ ಎಂಟಕ್ಕೆ ಹಾರಿದೆ. ಅಲ್ಲಿ ರಿಮ್ಮರ್ ಇದ್ದಾನೆ, ಜನರ ನಗು ಇದೆ, ಹಳೆಯ ಹಾಲಿಯೂ ಇದ್ದಾನೆ, ಜೊತೆಗೆ ಒಂದು ಜೈಲು ತುಂಬ ಮಂದಿ. ಗದ್ದಲ ಜಾಸ್ತಿ.

ಅಷ್ಟರಲ್ಲಿ ಸಿಂಧನೂರಿನವನು ಕೆಲಸ ಬಿಟ್ಟು ಊರಿಗೆ ಹೋದ. ಬಂದ ಹೊಸಬ ತುಂಬಾ ಒಳ್ಳೆಯವನು. ನನ್ನ ತಟ್ಟೆಯನ್ನೂ ತೊಳೆದಿಡುತ್ತಿದ್ದ. ಸಂಜೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಂದರೆ ಮೊದಲು ನನಗೆ ಕೊಡುತ್ತಿದ್ದ. ‘ಇದೇನ್ರಿ ಗೆರಿ?’ ಅಂತ ಒಮ್ಮೆ ಕೇಳಿದ. ಸುಮ್ನೆ, ಅಂದೆ. ಎರಡು ವಾರಕ್ಕೆ ಗೆರೆ ಅಳಿಸಿಹೋಯಿತು. ಆಮೇಲೆ ರೂಮಿಗೆ ಬಂದರೆ ಮಾತಾಡಲು ಏನೂ ಇರುತ್ತಿರಲಿಲ್ಲ.

ಆ ದಿನಗಳಲ್ಲಿ, ಬಿಟ್ಟಿದ್ದ ಐದನೇ ಕಂತು ಹಾಕಿಕೊಂಡೆ. ಹೆಸರು ‘ಬ್ಲೂ’. ಅದರಲ್ಲಿ ಲಿಸ್ಟರ್‌ಗೆ ರಿಮ್ಮರ್‌ನ ನೆನಪು ಕಾಡುತ್ತದೆ, ಕನಸಿನಲ್ಲೂ ಅವನೇ. ಇದನ್ನು ಬಿಡಿಸಲು ಕ್ರೈಟನ್, ರಿಮ್ಮರ್ ಎಂಥವನಾಗಿದ್ದ ಅಂತ ತೋರಿಸುವ ಒಂದು ಸವಾರಿ ಕಟ್ಟುತ್ತಾನೆ, ನಮ್ಮ ಎಕ್ಸಿಬಿಷನ್‌ನ ಭೂತಬಂಗಲೆ ತರಹ. ಒಳಗೆ ಬೊಂಬೆಗಳು ರಿಮ್ಮರ್‌ನನ್ನು ಹೊಗಳಿ ಹಾಡುತ್ತವೆ. ಹೊರಗೆ ಬರುವಷ್ಟರಲ್ಲಿ ಲಿಸ್ಟರ್‌ಗೆ ಅವನ ಹೆಸರೇ ಬೇಡವಾಗಿರುತ್ತದೆ. ಏನು ಕಳೆದುಕೊಂಡಿದ್ದೇವೆ ಅಂತ ಬರೆದವರಿಗೂ ಗೊತ್ತಿತ್ತು, ಅದನ್ನೇ ಕಂತು ಮಾಡಿದರು. ಹಿಂದಿನ ನಾಲ್ಕು ನೋಡದೆ ಇದನ್ನು ನೋಡಿದರೆ ಹಿಡಿಸುವುದಿಲ್ಲ. ಆ ಬೇಜಾರು ಮೊದಲು ನಿಮಗೂ ಆಗಬೇಕು.

ಎಂಟರ ನಂತರ ಡೇವ್ ಚಾನೆಲ್‌ನಲ್ಲಿ 2009ರ ಮೂರು ಕಂತು, 2012ರಿಂದ ಹತ್ತು, ಹನ್ನೊಂದು, ಹನ್ನೆರಡನೇ ಸೀಸನ್, ಕೊನೆಗೆ 2020ರ ಒಂದು ದೊಡ್ಡ ಕಂತು. ಹಳೆಯ ನಾಲ್ವರೇ ಇದ್ದಾರೆ. ಮುಖಕ್ಕೆ ವಯಸ್ಸಾಗಿದೆ, ಬೈಗುಳಕ್ಕೆ ಆಗಿಲ್ಲ. ಹತ್ತನೆಯದನ್ನು ಆರಾಮಾಗಿ ನೋಡಿ.

‘ಬ್ಲೂ’ ಮುಗಿದ ರಾತ್ರಿ ನಾನು ಸಿಂಧನೂರಿಗೆ ಫೋನ್ ಹಚ್ಚಿದೆ. ಹಲೋ ಅನ್ನಲೂ ಇಲ್ಲ ಪುಣ್ಯಾತ್ಮ. ‘ನನ್ನ ನೀಲಿ ಬಕೀಟು ಅಲ್ಲೇ ಉಳದೈತಿ. ನೀ ಏನರ ವಾಪರಸಾಕತ್ತೀಯೇನು?’

ಅದರಲ್ಲೇ ಸ್ನಾನ ಮಾಡುತ್ತಿದ್ದೆ. ಇಲ್ಲ ಅಂದೆ.