ಪಿಂಗ್ ಬರ್ತಿದೆ, ಸಾಫ್ಟ್‌ವೇರ್ ಮಾತ್ರ ಓಪನ್ ಆಗ್ತಿಲ್ಲ!

ಪ್ರಶ್ನೆ: ಸರ್, ದಾವಣಗೆರೆ ಕಡೆ ಒಂದು ಕಾಲೇಜಲ್ಲಿ ಲ್ಯಾಬ್ ನೋಡ್ಕೋತೀನಿ, 60 ಸಿಸ್ಟಮ್ಮು, 2 ಸರ್ವರ್ರು. ಹೋದ ವಾರ ಅಟೆಂಡೆನ್ಸ್ ಸಾಫ್ಟ್‌ವೇರ್ ಓಪನ್ನೇ ಆಗ್ಲಿಲ್ಲ, ಪಿಂಗ್ (ಆ ಸಿಸ್ಟಮ್ ಎದ್ದಿದೆಯಾ ಅಂತ ನೆಟ್‌ವರ್ಕಲ್ಲಿ ಕೇಳೋ ಕಮಾಂಡು) ಹೊಡೆದ್ರೆ ರಿಪ್ಲೈ ಬರ್ತಿತ್ತು, ಅದಕ್ಕೆ ಸರ್ವರ್ ಸರಿ ಇದೆ ಅಂತ ಹೇಳ್ಬಿಟ್ಟೆ, ಎಚ್‌ಓಡಿ ಹತ್ರ ಚೆನ್ನಾಗಿ ಬೈಸ್ಕೊಂಡೆ. ಇನ್ನು ಕೆಲವು ವಿಂಡೋಸ್ ಸಿಸ್ಟಮ್ ಆನ್ ಇದ್ರೂ ರಿಪ್ಲೈ ಕೊಡಲ್ಲ. ದುಡ್ಡು ಖರ್ಚಿಲ್ದೆ ಎಲ್ಲಾ ಒಂದೇ ಕಡೆ ನೋಡೋಕೆ ಏನ್ ಮಾಡ್ಲಿ?

ಉತ್ತರ: ಬೇಜಾರಾಗ್ಬೇಡಿ, ನಾವೆಲ್ಲ ಹಾಗೇ ಕಲ್ತಿದ್ದು. ಪಿಂಗಿಗೆ ಉತ್ತರ ಕೊಡೋದು ಆಪರೇಟಿಂಗ್ ಸಿಸ್ಟಮ್ಮು, ನಿಮ್ಮ ಸಾಫ್ಟ್‌ವೇರ್ ಅಲ್ಲ. ಹೋಟ್ಲು ಗೇಟಲ್ಲಿ ಕೂಗಿದ್ರೆ ವಾಚ್‌ಮನ್ ಓ ಅಂತಾನೆ, ಒಳಗೆ ಅಡುಗೆಭಟ್ರು ಬಂದಿದಾರೋ ಇಲ್ವೋ ಅವನಿಗೇನು ಗೊತ್ತು? ಡೇಟಾಬೇಸ್ ಮಲಗಿದ್ರೂ ಡಿಸ್ಕ್ ತುಂಬಿದ್ರೂ ಪಿಂಗ್ ಬರ್ತಾನೇ ಇರತ್ತೆ. (ಇಂಥದ್ರಲ್ಲಿ ನಾನು ಮೊದ್ಲು ನೋಡೋದು ಡಿಸ್ಕನ್ನೇ, ನಡೆದದ್ದೆಲ್ಲ ಬರೆದಿಡೋ ಲಾಗ್ ಫೈಲ್ ಬೆಳೆದು ಬೆಳೆದು ಜಾಗಾನೇ ಉಳಿದಿರಲ್ಲ.) ವಿಂಡೋಸ್ ಕಥೆ ಬೇರೆ, ಅದರ ಫೈರ್‌ವಾಲ್ (ಹೊರಗಿಂದ ಬರೋದನ್ನ ತಡೆಯೋ ಗೋಡೆ) ಪಿಂಗನ್ನ ತಡೀತಿರತ್ತೆ, ಅದರ ಇನ್‌ಬೌಂಡ್ ರೂಲ್ಸಲ್ಲಿ ಎಕೋ ರಿಕ್ವೆಸ್ಟ್ ಐಸಿಎಂಪಿವಿ4 (ಅಂದ್ರೆ ಪಿಂಗೇ) ಎನೇಬಲ್ ಮಾಡಿ.

ಎಲ್ಲಾ ಒಂದೇ ಕಡೆ ನೋಡೋಕೆ ಸದ್ಯಕ್ಕೆ ಅಪ್‌ಟೈಮ್ ಕುಮಾ ಅನ್ನೋ ಕಾವಲು ಸಾಫ್ಟ್‌ವೇರ್ ಸಾಕು, ಫ್ರೀ. ಅದ್ರಲ್ಲಿ ಪಿಂಗ್ ಬದ್ಲು ಕೀವರ್ಡ್ ಮಾನಿಟರ್ ಹಾಕಿ, ಡೇಟಾಬೇಸಿಂದ ಏನಾದ್ರೂ ಓದಿ ತೋರ್ಸೋ ಒಂದು ಪೇಜ್ ಕೊಟ್ಟು ಅದ್ರಲ್ಲಿ ಯಾವಾಗ್ಲೂ ಇರೋ ಒಂದು ಪದ ಬರೀರಿ, ಆ ಪದ ಕಾಣ್ಲಿಲ್ಲ ಅಂದ್ರೆ ಒಳಗೆ ಏನೋ ಕೆಟ್ಟಿದೆ ಅಂತ. 60 ಸೆಕೆಂಡಿಗೊಂದ್ಸಲ ನೋಡ್ಲಿ, 3 ಸಲ ಫೇಲಾದ್ಮೇಲೆ ಟೆಲಿಗ್ರಾಮಿಗೆ ಮೆಸೇಜ್ ಬರ್ಲಿ, ಮೊದಲನೇ ಸಲಕ್ಕೇ ಕೂಗಿಸಿದ್ರೆ ಎರಡೇ ದಿನಕ್ಕೆ ನೀವೇ ಮ್ಯೂಟ್ ಮಾಡಿ ಮಲಗ್ತೀರಾ. ಲ್ಯಾಬ್ ಸಿಸ್ಟಮ್ಮಿಗೆ ಅಲರ್ಟ್ ಬೇಡವೇ ಬೇಡ, ಸಂಜೆ ಎಲ್ಲಾ ಆಫ್ ಮಾಡಿದ ಕೂಡ್ಲೇ 60 ಮೆಸೇಜು! ಅವನ್ನೆಲ್ಲ ಜೋಡಿಸೋ ನೆಟ್‌ವರ್ಕ್ ಸ್ವಿಚ್ಚಿಗೆ ಮಾತ್ರ ಹಾಕಿ.

ಡಿಸ್ಕು ರ್ಯಾಮು ಗ್ರಾಫೂ ಬೇಕು ಅಂದ್ರೆ ಜ್ಯಾಬಿಕ್ಸ್ ಅನ್ನೋ ಇನ್ನೊಂದು ಕಾವಲು ಸಾಫ್ಟ್‌ವೇರ್, ಅದೂ ಫ್ರೀ, 2001ರಿಂದ ಇದೆ. ಸರ್ವರಲ್ಲಿ ಅದರ ಏಜೆಂಟ್ (ಮಾಹಿತಿ ಕೊಡೋ ಚಿಕ್ಕ ಪ್ರೋಗ್ರಾಮ್) ಹಾಕಿ ಫೈರ್‌ವಾಲಲ್ಲಿ 10050 ಪೋರ್ಟ್ ಓಪನ್ ಮಾಡ್ಬೇಕು, ಡಿಸ್ಕ್ 80% ಆದಾಗ್ಲೇ ಹೇಳೋ ಹಾಗೆ ಇಡಿ. ಯಾವ್ದೇ ಆಗ್ಲಿ ಆ ಎರಡು ಸರ್ವರಲ್ಲೇ ಇನ್‌ಸ್ಟಾಲ್ ಮಾಡ್ಬೇಡಿ, ಸರ್ವರ್ ಜೊತೆ ಕಾವಲೂ ಮಲಗ್ಬಿಡತ್ತೆ, ಮೂಲೇಲಿರೋ ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ಯುಪಿಎಸ್‌ನಿಂದ ಕರೆಂಟ್ ಕೊಡಿ. ಇಂಟರ್ನೆಟ್ಟೇ ಹೋದ್ರೆ ಟೆಲಿಗ್ರಾಮ್ ಬರಲ್ಲ, ಆವಾಗ ಹುಡುಗ್ರೇ ಓಡಿ ಬಂದು ಹೇಳ್ತಾರೆ.

ಪ್ರಶ್ನೆ: ಪಿಂಗ್ ಅಂದ್ರೆ ಫುಲ್ ಫಾರ್ಮ್ ಏನು?

ಉತ್ತರ: ಫುಲ್ ಫಾರ್ಮ್ ಇಲ್ಲ ಮಾರಾಯ್ರೇ, ಆಮೇಲೆ ಯಾರೋ ಒಂದು ಹೊಂದಿಸಿದ್ರು ಅಷ್ಟೇ. 1983ರಲ್ಲಿ ಅಮೆರಿಕಾದ ಮೈಕ್ ಮೂಸ್ ಇದನ್ನ ಬರೆದಾಗ ಸಬ್‌ಮೆರೀನ್ ಹುಡುಕೋ ಸೋನಾರ್ ಸದ್ದಿನ ಹೆಸರನ್ನೇ ಇಟ್ರು.