ಸಂಪಾದಕರ ಉತ್ತರ: ಪಾಳಲ್ಲ ಸ್ವಾಮಿ, ಬಾಲವಾಡಿ

ಶಿರಸಿಯ ಓದುಗರೊಬ್ಬರ ಪತ್ರ: ‘ಮದುವೆಗೆಂದು ಕುಮಟೆಗೆ ಹೋದವ ಮಾಣಿಕಟ್ಟೆಯ ಗಜನಿ (ಹೊಳೆಯಂಚಿನ ಉಪ್ಪುನೀರಿನ ಗದ್ದೆ) ನೋಡಿದೆ. ಎಕರೆಗಟ್ಟಲೆ ಕೆಸರು ಪಾಳುಬಿದ್ದಿದೆ. ಪೂರ್ತಿ ಸಿಗಡಿ ಹೊಂಡ ಮಾಡಿದರೆ ಡಾಲರ್ ಬರುತ್ತದೆ. ನೀವೋ ಕಗ್ಗ ಭತ್ತ ಎಂದು ಕಣ್ಣೀರು ಹಾಕುತ್ತೀರಿ.’

ಡಾಲರ್ ಬರುತ್ತದೆ, ಒಪ್ಪಿದೆ. ಹೊಂಡ ಮಾಡಿ ಮನೆ ಕಟ್ಟಿಸಿದವರೂ ನಮ್ಮವರೇ. ಆದರೆ ನೀವು ಪಾಳು ಎಂದದ್ದು ಶೆಟ್ಲಿಯ ಬಾಲವಾಡಿ. (ಸಿಗಡಿ ನಮಗೆ ಶೆಟ್ಲಿ. ಕಾರವಾರದ ಹೋಟೆಲುಗಳಿಗೆ ಮಾತ್ರ ಪ್ರಾನ್ಸ್.)

ಕಡಲ ಶೆಟ್ಲಿ ಲಕ್ಷಗಟ್ಟಲೆ ಮೊಟ್ಟೆಯನ್ನು ನೀರಿಗೆ ಚೆಲ್ಲಿ ಹೋಗುತ್ತದೆ. ಹೊಟ್ಟೆಯಡಿ ಅಂಟಿಸಿಕೊಂಡು ತಿರುಗುವ ಮಮಕಾರವೆಲ್ಲ ಹೊಳೆ ಶೆಟ್ಲಿಯದು. ಒಂದು ದಿನದೊಳಗೆ ಮೊಟ್ಟೆಯೊಡೆದ ಮರಿ ನಾನಾ ವೇಷ ಬದಲಿಸಿ, ಕೂದಲೆಳೆಯಷ್ಟಿರುವಾಗಲೇ ಭರತದ ನೀರು ಹತ್ತಿ ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವ ಬಾಯಿಗೆ, ಬರುತ್ತದೆ. ಬೆಳೆಯಬೇಕೆಂದರೆ ಚಿಪ್ಪು ಕಳಚಬೇಕು, ಕಳಚಿದ ಗಳಿಗೆಯಲ್ಲಿ ಮೈ ಬೆಣ್ಣೆ. ಒಡಹುಟ್ಟಿದವರೂ ಬಿಡುವುದಿಲ್ಲ, ತಿಂದುಹಾಕುತ್ತಾರೆ. ಅಡಗಲು ಕಾಂಡ್ಲದ (ಮ್ಯಾಂಗ್ರೋವ್ ಗಿಡದ) ಬೇರು, ಕೆಸರು ಬೇಡವೇ? ಕೆಲವು ತಿಂಗಳು ತಿಂದುಂಡು ಬಲಿತು ಇಳಿತದ ಜೊತೆ ಕಡಲಿಗೆ ವಾಪಸು. ಮಳೆಗಾಲಕ್ಕೆ ಕಗ್ಗ, ಕೊಯ್ಲಾದ ಮೇಲೆ ಉಪ್ಪುನೀರು ಎಂದು ಗಜನಿಯವರು ಮಾಡಿಕೊಂಡ ಪಾಲುಪಟ್ಟಿಯಲ್ಲಿ ಇವಕ್ಕೂ ಜಾಗವಿತ್ತು.

ಚಿಕ್ಕವನಿದ್ದಾಗ ಸೋದರತ್ತೆಯ ಜೊತೆ ರಾತ್ರಿ ಜಂತ್ರಡಿಯ (ಗಜನಿಗೆ ನೀರು ಬಿಡುವ ತೂಬಿನ) ಬಳಿ ಕಾದದ್ದುಂಟು. ಟಾರ್ಚಿಗೆ ಶೆಟ್ಲಿಯ ಕಣ್ಣು ಕೆಂಡದಂತೆ ಹೊಳೆಯುತ್ತಿತ್ತು. ಮುಂದಿನಿಂದ ಹಿಡಿಯಲು ಹೋಗಿ ಬರಿಗೈಯಾದೆ. ‘ಅದು ಬಾಲ ಮಡಚಿ ಹಿಂದಕ್ಕೆ ಹಾರ್ತದೆ ಮಾರಾಯ, ಕೈ ಹಿಂದೆ ಒಡ್ಡು’ ಎಂದಳು. ಶಾಲೆ ಕಾಣದ ಅತ್ತೆ.

ಹೊಂಡದ ಕತೆ ಬೇರೆ. ಮೊಟ್ಟೆ ಬಲಿಯದಂತೆ ತಡೆಯುವ ಹಾರ್ಮೋನು ಕಣ್ಣಿನ ಕಾಂಡದಲ್ಲಿದೆಯೆಂದು ಹ್ಯಾಚರಿಗಳಲ್ಲಿ ತಾಯಿಯ ಒಂದು ಕಣ್ಣನ್ನೇ ಚಿವುಟುವ ರೂಢಿ ಬಂತು. ತೊಂಬತ್ತರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದಾಗ ವಾರದೊಳಗೆ ಹೊಂಡಕ್ಕೆ ಹೊಂಡವೇ ಸತ್ತಿತು. 1996ರಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದ ಹೊಂಡಗಳನ್ನು ತೆಗೆಸಲು ಹೇಳಿದಾಗಲೂ ಸಾಂಪ್ರದಾಯಿಕ ಸಾಕಣೆಯನ್ನು ಮುಟ್ಟಲಿಲ್ಲ.

ಘಟ್ಟದ ಮೇಲಿನವರಿಗೆ ಹೊಳೆಯೆಂದರೆ ಜಲಪಾತ, ಸರಕಾರಕ್ಕೆ ವಿದ್ಯುತ್ತು. ಅಳಿವೆ ಯಾರಿಗೂ ಬೇಡ. ಕಾಳಿ ಹೊಳೆಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಕಟ್ಟೆ ಕಟ್ಟಿದೆವು. ಮರಿಗಳಿಗೆ ಸವುಳು ನೀರು ಬೇಕೆಂದು ಕೆಳಗಿಳಿಯುವ ಹೊಳೆ ಶೆಟ್ಲಿಗೆ ದಾರಿ ಯಾವುದೆಂದು ಯಾರು ಕೇಳಿದರು? ಕಟ್ಟೆಯಿಲ್ಲದೆ ಉಳಿದದ್ದು ಅಘನಾಶಿನಿ. ಅದರ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಆ ಹೊಳೆ ಹುಟ್ಟುವುದು ನಿಮ್ಮ ಶಿರಸಿಯ ಶಂಕರಹೊಂಡದಲ್ಲಿ ಎಂದು ನಾನು ನಿಮಗೆ ಹೇಳಬೇಕೇ?